ಕಲ್ಲಿನ ತಪ್ಪು, ಕೀಲಿಮಣೆಯ ತಪ್ಪು

ಅಶೋಕನ 14ನೆಯ ಬಂಡೆಗಲ್ಲು ಶಾಸನದ ಕೊನೆಯ ಮಾತು ನನಗೆ ಬಹಳ ಇಷ್ಟ. ಎಲ್ಲಾದರೂ ಬರಹ ಅಪೂರ್ಣವಾಗಿದ್ದರೆ ಅದಕ್ಕೆ ಸ್ಥಳ ಕಾರಣವಿರಬಹುದು, ಲಿಪಿಕಾರನ ತಪ್ಪೂ ಇರಬಹುದು ಅಂತ ಚಕ್ರವರ್ತಿಯೇ ಒಪ್ಪಿಕೊಳ್ಳುತ್ತಾನೆ. ಈ ಶಾಸನದ ಒಂದು ಪ್ರತಿ ನಮ್ಮ ಸನ್ನತಿಯಲ್ಲೂ ಸಿಕ್ಕಿದೆ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ. ಆದರೆ ಇವತ್ತು ಜಾಲದಲ್ಲಿ ನಾವು ಹಾಕುವ ಶಾಸನಪಾಠ ನೋಡಿದರೆ, ತಪ್ಪು ಕಂಡರಿಸಿದವನದೋ, ಓದಿದವನದೋ, ಟೈಪ್ ಮಾಡಿದವನದೋ ಗೊತ್ತೇ ಆಗುವುದಿಲ್ಲ.

ಮೊದಲು ನನ್ನದೇ ಹೇಳ್ತೀನಿ. ನಾಲ್ಕು ವರ್ಷದ ಹಿಂದೆ ಒಂದು ವೀರಗಲ್ಲಿನ ಪಾಠ ಟೈಪ್ ಮಾಡಿ ಹಾಕಿದೆ. ಕಲ್ಲಿನಲ್ಲಿ ಇದ್ದದ್ದು 'ಬಾಳ್ಗೞ್ಚು', ನಾನು ಹಾಕಿದ್ದು 'ಬಾಳ್ಗಳ್ಚು'. ಒಂದೇ ಅಕ್ಷರ ತಾನೆ ಅನ್ನಬೇಡಿ. ಬಾಳ್ ಅಂದರೆ ಕತ್ತಿ, ಕೞ್ಚು ಅಂದರೆ ತೊಳೆ. ಕತ್ತಿ ತೊಳೆದು ಕೊಟ್ಟ ದತ್ತಿ. ಬಾೞ್ ಅಂದರೆ ಬದುಕು. ನನ್ನ ಪಾಠ ನೋಡಿದ ಒಬ್ಬರು ಇದು ವೀರನ ಬದುಕಿಗೆ ಕೊಟ್ಟ ಭೂಮಿ ಅಂತ ಅರ್ಥ ಬರೆದರು. ಅವರನ್ನು ಹೆಂಗ ಬೈಯೋದು? ಎರಡೂ ಕಡೆ ಒಂದೇ ಳ ಹಾಕಿದ್ದು ನಾನು. ಇನ್ನೊಂದು ನಷ್ಟವೂ ಇದೆ. ನಡುಗನ್ನಡದ ಹೊತ್ತಿಗೆ ೞ ಮರೆಯಾಯಿತು, ಕೞ್ಚು ಕರ್ಚು ಆಯಿತು. ತೇದಿ ಇಲ್ಲದ ಕಲ್ಲಿನ ಕಾಲ ಊಹಿಸಲು ಇಂಥ ಅಕ್ಷರಗಳೇ ಆಧಾರ. ೞ ಬಿಟ್ಟು ಟೈಪ್ ಮಾಡಿದರೆ ಕಲ್ಲಿನ ವಯಸ್ಸೇ ಕಡಿಮೆ ಆದಂತೆ.

ಈ ಬಡಪಾಯಿ ಅಕ್ಷರದ ಹಣೆಬರಹ ನೋಡಿ. ಯುನಿಕೋಡ್‌ನಲ್ಲಿ ೞಕ್ಕೆ ಕೊಟ್ಟಿರುವ ಅಧಿಕೃತ ಹೆಸರು 'ಫ'! ಒಮ್ಮೆ ಪ್ರಕಟವಾದ ಹೆಸರು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ತಪ್ಪು ಹಾಗೇ ಉಳಿದು, ಪಕ್ಕದಲ್ಲಿ ಸರಿಯಾದ ಹೆಸರನ್ನು ಬೇರೆಯಾಗಿ ಕೊಟ್ಟಿದ್ದಾರೆ. ಕಲ್ಲಿಗಿಂತ ಗಟ್ಟಿ.

ಇದಕ್ಕೆ ತದ್ವಿರುದ್ಧವಾದ ರೋಗವೂ ಉಂಟು, ಜಾಣರಿಗೆ ಬರುವಂಥದ್ದು. ಕಲ್ಲಿನಲ್ಲಿ 'ಸಕವರ್ಷ' ಎಂದಿದ್ದರೆ 'ಶಕವರ್ಷ' ಅಂತ ತಿದ್ದಿಬಿಡುತ್ತಾರೆ. ಲಿಪಿಕಾರನ ಕಿವಿಗೆ ಶ, ಸ ಹೇಗೆ ಕೇಳುತ್ತಿತ್ತು ಎಂಬ ಸಾಕ್ಷಿ ಅಲ್ಲಿಗೆ ಹೋಯಿತು. ತಿದ್ದಲೇಬೇಕೆಂದರೆ ಎಪಿಗ್ರಾಫಿಯಾ ಇಂಡಿಕಾದ ಕಾಲದಿಂದ ದಾರಿ ಇದೆ: ಸಂಶಯದ ಅಕ್ಷರಕ್ಕೆ ಚೌಕ ಕಂಸ, ತಿದ್ದಿದ್ದಕ್ಕೆ ದುಂಡು ಕಂಸ, ಬಿಟ್ಟುಹೋದದ್ದನ್ನು ಸೇರಿಸಿದರೆ ನಕ್ಷತ್ರ. ಕೊಪ್ಪಳದ ಗವಿಮಠದ ಅಶೋಕ ಶಾಸನ ಚೆನ್ನಾಗಿ ಉಳಿದಿದೆ, ಪಾಲ್ಕಿಗುಂಡಿನದು ಬಹಳ ಸವೆದಿದೆ. ಪಾಲ್ಕಿಗುಂಡಿನಲ್ಲಿ ಕಾಣದ್ದನ್ನು ಗವಿಮಠದ ಪಾಠದಿಂದ ತುಂಬಬಹುದು, ತಪ್ಪಿಲ್ಲ. ಆದರೆ ಕಾಪಿ ಮಾಡುವಾಗ ಕಂಸ ಉದುರಿಹೋದರೆ ಊಹೆಯೇ ಶಾಸನವಾಗುತ್ತದೆ.

ಅಂಕಿಯ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರು ಪುಣ್ಯ ಕಟ್ಟಿಕೊಂಡಿದ್ದಾರೆ. ಶಕವರ್ಷದ ಜೊತೆ ಸಂವತ್ಸರ ಹೇಳುವ ರೂಢಿ ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಅಪ್ಪಟ ಚೆಕ್‌ಸಮ್. ಚಾಲುಕ್ಯ ವಿಕ್ರಮ ಶಕೆ ಆರಂಭವಾದದ್ದು ಶಕ 998, ನಳ ಸಂವತ್ಸರದಲ್ಲಿ. ಕೈತಪ್ಪಿ 989 ಅಂತ ಒತ್ತಿದರೆ ಅದು ಪ್ಲವಂಗ; ಗಳಿಗೆಯಲ್ಲಿ ಸಿಕ್ಕಿಬೀಳುತ್ತದೆ. ಪಂಚಾಂಗ ತೆರೆಯುವ ತಾಳ್ಮೆ ಬೇಕಷ್ಟೆ.

ಈಗ ನಾನು ಪರದೆಯ ಮೇಲೆ ಕರಡು ನೋಡುವುದು ಬಿಟ್ಟಿದ್ದೇನೆ. ಹುಲಿಹೈದರಕ್ಕೆ ಹೋದಾಗ ಪ್ರಿಂಟ್ ತಗೊಂಡು ಹೋಗುತ್ತೇನೆ. ಕಟ್ಟೆ ಮ್ಯಾಲೆ ಕೂತು ಅಪ್ಪ ಒಂದೊಂದೇ ಅಕ್ಷರ ಓದುತ್ತಾರೆ, ನಾನು ಕಲ್ಲಚ್ಚು ನೋಡುತ್ತೇನೆ. ಅದೂ ಕೊನೆಯ ಸಾಲಿನಿಂದ ಮೇಲಕ್ಕೆ. ಅರ್ಥ ಹತ್ತಿದರೆ ಕಣ್ಣು ಮೋಸ ಮಾಡುತ್ತದೆ.

"ಸಕ ಅಂತ ಐತಲ್ಲೋ, ತಪ್ಪಲ್ಲೇನು?"

"ತಪ್ಪು ಕಲ್ಲಿಂದ್ರಿ ಅಪ್ಪಾ, ನಂದಲ್ಲ. ಹಂಗ ಓದ್ರಿ."

ವೀರಗಲ್ಲಿನ ಪಾಠ ತಿದ್ದಿ, ತಿದ್ದಿದ ತಾರೀಖು ಸಮೇತ ಮತ್ತೆ ಹಾಕಿದ್ದೇನೆ. ಹಳೆಯದು ಇನ್ನೂ ವಾಟ್ಸಾಪ್‌ನಲ್ಲಿ ತಿರುಗುತ್ತಿದೆ. ಮೊನ್ನೆ ನನಗೇ ಬಂತು, ಹೆಸರಿಲ್ಲದೆ, "ಅಪರೂಪದ ಮಾಹಿತಿ, ಎಲ್ಲರಿಗೂ ಕಳಿಸಿ" ಅಂತ.