ರಿಪೇರಿಯ ಗಳಿಕೆ, ಟ್ಯೂನಿಂಗಿನ ಗುಂಗು

ಒಂದೇ ಸೂರಿನಡಿ ರಿಪೇರಿಯನ್ನೂ ಟ್ಯೂನಿಂಗನ್ನೂ ನಡೆಸುವ ಗ್ಯಾರೇಜು ಬೆಂಗಳೂರಿಗೆ ಹೊಸದಲ್ಲ. ಹಗಲೆಲ್ಲ ಆಯಿಲ್ ಬದಲಿಸಿ, ಬ್ರೇಕ್ ಶೂ ಹಾಕಿ, ಕ್ಲಚ್ ಕೇಬಲ್ ಬಿಗಿ ಮಾಡುವ ಮೆಕ್ಯಾನಿಕ್ಕು ಸಂಜೆ ಶಟರ್ ಅರ್ಧ ಎಳೆದುಕೊಂಡು ಯಾರದೋ ಬೈಕಿನ ಸಿಲಿಂಡರ್ ಬಿಚ್ಚಿ ಪೋರ್ಟು ಉಜ್ಜುತ್ತಿದ್ದ ಕಾಲದಿಂದಲೂ ಈ ಜೋಡು ಕಸುಬು ನಡೆದಿದೆ. ಈಗ ಅದಕ್ಕೆ ‘ಪರ್ಫಾರ್ಮೆನ್ಸ್ ಗ್ಯಾರೇಜ್’ ಎಂಬ ಬೋರ್ಡು ಬಂದಿದೆ. ಸ್ವಂತ ಗ್ಯಾರೇಜು ಹಾಕಲು ಹೊರಡುವ ಹುಡುಗರಲ್ಲಿ ಅನೇಕರು ಟ್ಯೂನಿಂಗಿನ ಗುಂಗಿನಲ್ಲೇ ಕಸುಬಿಗೆ ಇಳಿಯುತ್ತಾರೆ. ತಿಂಗಳ ಬಾಡಿಗೆ ಹುಟ್ಟುವುದು ಮಾತ್ರ ರಿಪೇರಿಯಿಂದ.

ಟ್ಯೂನಿಂಗು ಇಲ್ಲಿ ಬೇರೂರಿದ್ದು ಟೂ ಸ್ಟ್ರೋಕ್ ಬೈಕುಗಳಿಂದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ತಯಾರಿಸಿತು. 1980ರ ದಶಕದಲ್ಲಿ ರಾಜದೂತ್ 350 ಬಂತು, 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. 98 ಸಿಸಿ ಎಂಜಿನ್ನಿನಿಂದ 11 ಅಶ್ವಶಕ್ತಿ ಕೊಡುತ್ತಿದ್ದ ಆರ್‌ಎಕ್ಸ್, 1996ರಲ್ಲಿ ತಯಾರಿಕೆ ನಿಂತರೂ ಬೀದಿಯಿಂದ ಮರೆಯಾಗಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿಗೆ ಫೋರ್ ಸ್ಟ್ರೋಕಿನಂಥ ವಾಲ್ವುಗಳ ರಗಳೆ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳೇ, ಅಂದರೆ ಪೋರ್ಟುಗಳೇ, ಗಾಳಿ ಪೆಟ್ರೋಲನ್ನು ಒಳಗೆ ಬಿಡುತ್ತವೆ, ಹೊಗೆಯನ್ನು ಹೊರಗೆ ಕಳಿಸುತ್ತವೆ. ಆ ಕಿಂಡಿಯ ಎತ್ತರವನ್ನು ಒಂದೆರಡು ಮಿಲಿಮೀಟರ್ ಬದಲಿಸಿದರೂ ಎಂಜಿನ್ನಿನ ಗುಣ ಬೇರೆಯಾಗುತ್ತದೆ. ಹೀಗಾಗಿ ಒಂದು ಅರ, ಒಂದು ಗ್ರೈಂಡರು, ಹೊಸ ಸೈಲೆನ್ಸರು ಇದ್ದರೆ ಸಾಕು, ಯಾರು ಬೇಕಾದರೂ ಟ್ಯೂನರ್ ಎನಿಸಿಕೊಳ್ಳಬಹುದಾಗಿತ್ತು. ಕಸುಬಿನ ಬಲ ಅದೇ ಆಗಿತ್ತು, ದೋಷವೂ ಅದೇ. ಸಲಕರಣೆ ಅಗ್ಗವಾದದ್ದರಿಂದ ಅಳತೆ ಇಲ್ಲದ ಕೆಲಸವೂ ಕಸುಬೆನಿಸಿಕೊಂಡಿತು.

ಅಳತೆಯ ಬೆಲೆ ಗೊತ್ತಾಗಬೇಕಾದರೆ ಬೋರ್ ಕೆಲಸವನ್ನು ಹತ್ತಿರದಿಂದ ನೋಡಬೇಕು. ಆರ್‌ಎಕ್ಸ್‌ನ ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, 50 ಮಿಲಿಮೀಟರ್. ಓಡಿ ಓಡಿ ಸಿಲಿಂಡರ್ ಸವೆದಾಗ ಅದು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲ್ಭಾಗದಲ್ಲಿ, ಪೋರ್ಟುಗಳ ಸುತ್ತ ಹೆಚ್ಚು ಸವೆದು, ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಬಲ್ಲ ಮೇಸ್ತ್ರಿ ಬೋರ್ ಗೇಜ್ ಇಳಿಬಿಟ್ಟು ಮೇಲೆ, ನಡುವೆ, ಕೆಳಗೆ, ಒಂದೊಂದು ಮಟ್ಟದಲ್ಲೂ ಎರಡು ದಿಕ್ಕಿಗೆ ಅಳೆಯುತ್ತಾನೆ. ಆಮೇಲೆ 0.25 ಮಿಲಿಮೀಟರ್ ದೊಡ್ಡ ಸೈಜಿನ ಪಿಸ್ಟನ್ ಸಾಕೋ 0.50ಕ್ಕೆ ಹೋಗಬೇಕೋ ಎಂದು ತೀರ್ಮಾನಿಸುತ್ತಾನೆ. ಹೊಸ ಪಿಸ್ಟನ್ ಕೈಯಲ್ಲಿಟ್ಟುಕೊಂಡೇ ಲೇತ್ ಅಂಗಡಿಗೆ ಹೋಗಿ, ಆ ಪಿಸ್ಟನ್ನಿಗೆ ತಕ್ಕ ಹಾಗೆ ಬೋರ್ ಮಾಡಿಸುತ್ತಾನೆ. ಗೋಡೆಯನ್ನು ಹದಕ್ಕೆ ಉಜ್ಜುವ ಹೋನಿಂಗ್ ಆದಮೇಲೂ ಒಂದು ಕೆಲಸ ಉಳಿದಿರುತ್ತದೆ. ಬೋರಿಂಗ್ ಉಪಕರಣ ಹಾದುಹೋದ ಕಡೆ ಪೋರ್ಟುಗಳ ಅಂಚು ಬ್ಲೇಡಿನಂತೆ ಚೂಪಾಗಿರುತ್ತದೆ. ಅದನ್ನು ಮೆಲ್ಲಗೆ ಉಜ್ಜಿ ಮೊಂಡು ಮಾಡದಿದ್ದರೆ ಪಿಸ್ಟನ್ ರಿಂಗು ಆ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಬೋರ್ ಕೆಲಸ ಮತ್ತೆ ಮೊದಲಿನಿಂದ. ಲೇತ್ ಅಂಗಡಿಯವರು ಇದನ್ನು ಮಾಡಿಕೊಡುತ್ತಾರೆಂದು ಮೆಕ್ಯಾನಿಕ್ಕು, ಮೆಕ್ಯಾನಿಕ್ಕು ಮಾಡಿಕೊಳ್ಳುತ್ತಾನೆಂದು ಲೇತ್ ಅಂಗಡಿಯವರು ಸುಮ್ಮನಿರುವುದು ಮಾಮೂಲು. ಗಿರಾಕಿಗೆ ಕಾಣದ, ಬಿಲ್ಲಿನಲ್ಲಿ ಹೆಸರೇ ಇಲ್ಲದ ಈ ಕಾಲು ಗಂಟೆಯ ಕೆಲಸ ಸಾಕು, ಗ್ಯಾರೇಜು ಎಂಥದೆಂದು ಹೇಳಲು.

ಕಾರ್ಬ್ಯುರೇಟರಿನ ಸೆಟ್ಟಿಂಗೂ ಇಂಥದೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆ, ಎಂಜಿನ್ನಿನ ಶಕ್ತಿಯೂ ಸರಿಸುಮಾರು ಅಷ್ಟೇ ಇಳಿಯುತ್ತದೆ. ಇಲ್ಲಿನ ತೆಳು ಗಾಳಿಗೆ ಸರಿಯಾಗಿ, ಒಂದಿಷ್ಟೂ ಬಿಡುವಿಲ್ಲದಂತೆ ಪೆಟ್ರೋಲಿನ ಜೆಟ್ ಹಾಕಿದ ಟೂ ಸ್ಟ್ರೋಕ್ ಬೈಕು ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡೆ ಹೋದಾಗ ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದಾಗುತ್ತದೆ. ಎಂಜಿನ್ ಕಾದು, ಹೆದ್ದಾರಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಪಿಸ್ಟನ್ ಜಾಮ್ ಆಗುವ ಸಂಭವವಿದೆ. ಸೈಲೆನ್ಸರ್ ಬದಲಿಸಿ ಏರ್ ಫಿಲ್ಟರ್ ತೆಗೆದವರಿಗೆ ಈ ಅಪಾಯ ಇನ್ನೂ ಹೆಚ್ಚು. ಗಾಡಿ ಎಲ್ಲಿ ಓಡುತ್ತದೆ, ಎಷ್ಟು ಭಾರ ಹೊರುತ್ತದೆ ಎಂದು ಕೇಳದೆ ಟ್ಯೂನಿಂಗಿಗೆ ಕೈಹಾಕುವುದು ರೋಗಿಯನ್ನು ನೋಡದೆ ಮಾತ್ರೆ ಬರೆದುಕೊಟ್ಟ ಹಾಗೆ.

ಈ ಕಸುಬಿನ ಮೇಲಿನ ದೊಡ್ಡ ಆಕ್ಷೇಪ ಎಂದರೆ ಅದು ಶಬ್ದವನ್ನು ಶಕ್ತಿಯೆಂದು ಮಾರಿಕೊಂಡು ಬಂದಿರುವುದು. ಸೈಲೆನ್ಸರಿನ ಒಳಗಿನ ತಡೆಗಳನ್ನು ಕಿತ್ತುಹಾಕಿದರೆ ಗಾಡಿ ಗುಡುಗುತ್ತದೆ, ಓಡಿಸುವವನಿಗೆ ವೇಗ ಹೆಚ್ಚಿದಂತೆ ಭಾಸವಾಗುತ್ತದೆ. ನಿಜಕ್ಕೂ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಕಡಿಮೆಯಾಗಿರುವುದೇ ಹೆಚ್ಚು. ಇದನ್ನು ಬಯಲು ಮಾಡುವ ಯಂತ್ರ ಡೈನೋ. ಚಕ್ರವನ್ನು ರೋಲರಿನ ಮೇಲಿಟ್ಟು ಓಡಿಸಿ, ಪ್ರತಿ ಆರ್‌ಪಿಎಂಗೂ ಎಷ್ಟು ಟಾರ್ಕ್, ಎಷ್ಟು ಅಶ್ವಶಕ್ತಿ ಎಂಬುದನ್ನು ಅದು ಗೆರೆ ಎಳೆದು ತೋರಿಸುತ್ತದೆ. ಆದರೆ ಡೈನೋ ಇಟ್ಟ ಮಾತ್ರಕ್ಕೆ ಗ್ಯಾರೇಜು ಪ್ರಾಮಾಣಿಕವಾಗುವುದಿಲ್ಲ. ಒಂದೊಂದು ಡೈನೋದ ಲೆಕ್ಕ ಒಂದೊಂದು ಬಗೆ. ಹವೆ, ಟಯರಿನ ಗಾಳಿ, ಎಂಜಿನ್ನಿನ ಬಿಸಿ ಎಲ್ಲವೂ ಅಂಕಿಯನ್ನು ಏರುಪೇರು ಮಾಡುತ್ತವೆ. ಅದೇ ಯಂತ್ರದಲ್ಲಿ, ಅದೇ ದಿನ, ಕೆಲಸಕ್ಕೆ ಮೊದಲು ಒಮ್ಮೆ ಕೆಲಸದ ನಂತರ ಒಮ್ಮೆ ಓಡಿಸಿದ ಎರಡು ಗೆರೆಗಳನ್ನು ಜೊತೆಗಿಟ್ಟರೆ ಮಾತ್ರ ಅದು ಪುರಾವೆ. ‘ನಂತರ’ದ ಗೆರೆಯನ್ನಷ್ಟೇ ಗೋಡೆಗೆ ಅಂಟಿಸುವುದು ಜಾಹೀರಾತು. ಲಕ್ಷಗಟ್ಟಲೆ ಬೆಲೆಯ ಈ ಯಂತ್ರವನ್ನು ಹೊಸ ಗ್ಯಾರೇಜು ಸಾಲ ಮಾಡಿ ತರಬೇಕಿಲ್ಲ. ಇರುವವರ ಬಳಿ ಬಾಡಿಗೆಗೆ ಓಡಿಸಬಹುದು. ಅದಕ್ಕಿಂತ ಮೊದಲು ಬೇಕಾದ್ದು ಕಂಪ್ರೆಷನ್ ಗೇಜ್, ಬೋರ್ ಗೇಜ್, ಟಾರ್ಕ್ ರೆಂಚ್. ಬೋರ್ಡಿಗೆ ದೀಪ ಹಾಕಿಸಿ ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಹೆಡ್ ಬೋಲ್ಟ್ ಬಿಗಿಯುವ ಪರ್ಫಾರ್ಮೆನ್ಸ್ ಗ್ಯಾರೇಜುಗಳಿಗೇನೂ ಕೊರತೆಯಿಲ್ಲ.

ಕಾನೂನಿನ ಮಾತು ಬಂದಾಗ ಈ ಕಸುಬು ಕಣ್ಣು ಬೇರೆ ಕಡೆ ತಿರುಗಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರ ಆರ್‌ಸಿಯಲ್ಲಿ ಹೇಗಿದೆಯೋ ಅದಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿ 182ಎ ಕಲಮನ್ನು ಸೇರಿಸಿ, ಹೀಗೆ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಿತು. ಕರ್ಕಶ ಸೈಲೆನ್ಸರುಗಳನ್ನು ಕಿತ್ತು ಪೊಲೀಸರು ರೋಡ್ ರೋಲರ್ ಹತ್ತಿಸುವ ದೃಶ್ಯ ರಾಜ್ಯದ ಹಲವು ಊರುಗಳಲ್ಲಿ ಜನ ಕಂಡದ್ದೇ. ಗ್ಯಾರೇಜಿನವರು ‘ರೇಸಿಗೆ ಮಾತ್ರ’ ಎಂದು ಬಿಲ್ಲಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ, ಗಾಡಿ ಅದೇ ಸಂಜೆ ಔಟರ್ ರಿಂಗ್ ರೋಡಿನಲ್ಲಿ ಓಡುತ್ತದೆ. ದಂಡ ಕಟ್ಟುವವನು ಗಿರಾಕಿ. ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ಎದುರಿಸುವವನೂ ಅವನೇ. ಇಷ್ಟನ್ನು ಮೊದಲೇ ಬಾಯಿಬಿಟ್ಟು ಹೇಳುವ ಗ್ಯಾರೇಜಿಗೆ ಕೆಲವು ಗಿರಾಕಿಗಳು ತಪ್ಪಿಹೋಗುತ್ತಾರೆ, ನಿಜ. ಹೇಳದೆ ದುಡ್ಡು ತೆಗೆದುಕೊಳ್ಳುವುದಕ್ಕೆ ಮಾತ್ರ ಬೇರೆ ಹೆಸರಿದೆ.

2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದಮೇಲೆ ಬೈಕುಗಳಲ್ಲೂ ಕಾರ್ಬ್ಯುರೇಟರಿನ ಯುಗ ಬಹುಮಟ್ಟಿಗೆ ಮುಗಿಯಿತು. ಇಂಧನ, ಇಗ್ನಿಷನ್ ಎರಡೂ ಇಸಿಯು ಎಂಬ ಎಲೆಕ್ಟ್ರಾನಿಕ್ ನಿಯಂತ್ರಕದ ಕೈಗೆ ಹೋದವು. ಟ್ಯೂನಿಂಗು ಲ್ಯಾಪ್‌ಟಾಪಿಗೆ ದಾಟಿತು. ಬೆಂಗಳೂರಿನ ರೇಸ್ ಡೈನಾಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್‌ನಂಥ ಹೆಚ್ಚುವರಿ ಇಸಿಯುಗಳು ಈ ಬಗೆಯ ಟ್ಯೂನಿಂಗಿನ ಮಕ್ಕಳು. ಡೀಸೆಲ್ ಟರ್ಬೊ ಕಾರುಗಳಲ್ಲಿ ರೀಮ್ಯಾಪಿಂಗ್ ಮಾಡಿದರೆ ಟಾರ್ಕ್ ಎದ್ದು ಕಾಣುವಷ್ಟು ಏರುತ್ತದೆ, ಅದು ಸುಳ್ಳಲ್ಲ. ಆ ಟಾರ್ಕನ್ನು ಹೊರಬೇಕಾದ ಕ್ಲಚ್ಚು, ಗೇರ್‌ಬಾಕ್ಸುಗಳು ಹಳೆಯ ಲೆಕ್ಕದವು, ಅದೂ ಸುಳ್ಳಲ್ಲ. ಹೊಗೆಯ ವಿಷ ತಗ್ಗಿಸುವ ಇಜಿಆರ್ ಮುಚ್ಚಿ, ಮಸಿ ಹಿಡಿಯುವ ಡಿಪಿಎಫ್ ಕಿತ್ತುಹಾಕುವುದನ್ನು ಟ್ಯೂನಿಂಗ್ ಎನ್ನುವುದು ಹೊಗೆ ತಪಾಸಣೆಗೆ ಮಣ್ಣೆರಚುವ ಕೆಲಸಕ್ಕೆ ಕೊಟ್ಟ ಗೌರವದ ಹೆಸರಷ್ಟೇ.

ಎಲೆಕ್ಟ್ರಾನಿಕ್ಸು ರಿಪೇರಿಯನ್ನೂ ಬಿಗಿಹಿಡಿಯಿತು. ಕಂಪನಿಯ ಸ್ಕ್ಯಾನರ್ ಇಲ್ಲದೆ ತೀರದ ದೋಷಗಳು ಹೆಚ್ಚಿದವು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಆ ಆದೇಶದ ಫಲ ಸಣ್ಣ ಗ್ಯಾರೇಜಿನ ಬೆಂಚಿನವರೆಗೆ ಪೂರ್ತಿ ಇಳಿದುಬಂದಿಲ್ಲ. ಹಲವು ಬ್ರ್ಯಾಂಡುಗಳಿಗೆ ಹೊಂದುವ ಸ್ಕ್ಯಾನರಿನಲ್ಲಿ ದೋಷದ ಕೋಡು ಓದಬಹುದು, ಅಳಿಸಬಹುದು. ಹೊಸ ಇಂಜೆಕ್ಟರಿನ ಗುರುತು ದಾಖಲಿಸಲು, ಕೀಲಿ ಹೊಂದಿಸಲು ಹೋದಾಗ ಎಷ್ಟೋ ಮಾದರಿಗಳಲ್ಲಿ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಹೊಸಬರು ‘ಎಲ್ಲ ಗಾಡಿ’ ಎಂದು ಬೋರ್ಡು ಬರೆಸುವ ಬದಲು ಎರಡು ಮೂರು ಕಂಪನಿಗಳ ಗಾಡಿಗಳಲ್ಲಿ ಕೈ ಪಳಗಿಸುವುದು ಲೇಸು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಾಲ ಹುಟ್ಟುವುದೂ ಆಗಲೇ.

ಜಾಗ, ಪರವಾನಗಿಗಳ ವಿಷಯದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಟ್ರೇಡ್ ಲೈಸೆನ್ಸು ಬೇಕು, ತ್ರೀ ಫೇಸ್ ಕರೆಂಟು ಬೇಕು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಎರಡು ಕಂಬದ ಲಿಫ್ಟ್ ನಿಲ್ಲಿಸುವ ಮುನ್ನ ನೆಲದ ಕಾಂಕ್ರೀಟು ಎಷ್ಟು ದಪ್ಪವಿದೆಯೆಂದು ನೋಡಿಕೊಳ್ಳಬೇಕು. ಮೇಲೆ ಟೈಲ್ಸ್ ಹಾಕಿಸಿ ಕೆಳಗೆ ಮಣ್ಣಿರುವ ಬಾಡಿಗೆ ಶೆಡ್ಡುಗಳು ಬಹಳ. ಬಳಸಿದ ಎಂಜಿನ್ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ಮೋರಿಗೆ ಸುರಿಯುವ ಹಳೆಯ ರೂಢಿಗೆ ಬಡತನದ ನೆಪವೂ ಸಲ್ಲದು, ಆ ಆಯಿಲ್ಲಿಗೆ ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ಹದಿನಾಲ್ಕು ತುಂಬದ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಆದರೂ ‘ಕಲಿಯೋಕೆ ಬಂದಿದ್ದಾನೆ’ ಎಂಬ ನೆಪ ಇಂದಿಗೂ ಕೇಳಿಬರುತ್ತದೆ.

ಒಳ್ಳೆಯ ಕೈಗಳಿದ್ದೂ ಗ್ಯಾರೇಜುಗಳು ಮುಚ್ಚುವುದು ಲೆಕ್ಕದಲ್ಲಿ ಎಡವಿ. ಗಾಡಿ ಒಳಗೆ ಬಂದಾಗ ಜಾಬ್ ಕಾರ್ಡ್ ಬರೆಯುವುದಿಲ್ಲ, ಎಸ್ಟಿಮೇಟು ಬಾಯಿಮಾತಿನಲ್ಲಿ. ಬಿಚ್ಚಿದ ಮೇಲೆ ಖರ್ಚು ಹೆಚ್ಚಾದಾಗ ಫೋನ್ ಮಾಡಿ ಒಪ್ಪಿಗೆ ಪಡೆಯುವುದಿಲ್ಲ. ಕೊನೆಗೆ ಜಗಳ, ಅರ್ಧ ದುಡ್ಡು, ‘ಮುಂದಿನ ವಾರ ಕೊಡ್ತೀನಿ ಗುರು’. ಟ್ಯೂನಿಂಗಿನ ಗಿರಾಕಿಗಳಲ್ಲಿ ಇದು ಇನ್ನೂ ಜಾಸ್ತಿ, ಏಕೆಂದರೆ ಅವರು ಬೇಗ ಸ್ನೇಹಿತರಾಗಿಬಿಡುತ್ತಾರೆ. ಪ್ರಾಜೆಕ್ಟ್ ಬೈಕೊಂದು ಆಮದು ಪಾರ್ಟಿಗಾಗಿ ಕಾಯುತ್ತ ತಿಂಗಳುಗಟ್ಟಲೆ ಲಿಫ್ಟ್ ಹಿಡಿದು ಕೂತರೆ, ಆ ಜಾಗದಲ್ಲಿ ಆಗಬೇಕಿದ್ದ ಸರ್ವಿಸ್ ಕೆಲಸವೆಲ್ಲ ಪಕ್ಕದ ಗ್ಯಾರೇಜಿಗೆ ಹೋಗುತ್ತದೆ. ಲಿಫ್ಟ್ ಹಿಡಿದ ದಿನಗಳಿಗೂ ಬಿಲ್ಲು ಹಾಕುವುದನ್ನು ಕಲಿತ ಮಾಲೀಕರು ವಿರಳ.

ಈ ಕಸುಬು ಅಳುಕಿಲ್ಲದೆ ಮೆಚ್ಚುವಂತಿರುವುದು ಎರಡು ಕಡೆ. ಒಂದು, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗಳಂಥ ಟ್ರ್ಯಾಕಿಗೆ ಗಾಡಿ ಸಿದ್ಧಪಡಿಸುವುದು. ಅಲ್ಲಿ ಗಡಿಯಾರ ಸುಳ್ಳು ಹೇಳುವುದಿಲ್ಲ, ನಿಯಮ ಪುಸ್ತಕದಲ್ಲಿ ಇಲ್ಲದ ಬದಲಾವಣೆಯನ್ನು ತಪಾಸಕರು ಬಿಚ್ಚಿಸಿ ನೋಡುತ್ತಾರೆ. ಇನ್ನೊಂದು, ಹಳೆಯ ಜಾವಾ, ಯೆಜ್ಡಿ, ಆರ್‌ಎಕ್ಸ್‌ಗಳನ್ನು ಮೂಲ ಸ್ಥಿತಿಗೆ ತರುವ ಕೆಲಸ. ಇದಕ್ಕೆ ಕಾನೂನಿನ ತೊಡಕು ಇಲ್ಲ, ಏಕೆಂದರೆ ಗುರಿಯೇ ಕಂಪನಿಯ ವಿವರಕ್ಕೆ ಹಿಂತಿರುಗುವುದು. ಬೋರು, ಕ್ರ್ಯಾಂಕ್ ಬೇರಿಂಗು, ಆಯಿಲ್ ಸೀಲು, ಪಾಯಿಂಟ್ ಸೆಟ್ಟಿಂಗು ಎಲ್ಲವೂ ಅಳತೆಗೆ ಸರಿಹೊಂದಬೇಕು, ಆದ್ದರಿಂದ ಟ್ಯೂನರಿಗೆ ಬೇಕಾದ ಜಾಣ್ಮೆಯೆಲ್ಲ ಇಲ್ಲಿ ಖರ್ಚಾಗುತ್ತದೆ. ಸಮಯಕ್ಕೂ ದುಡ್ಡು ಕೊಡಲು ಸಿದ್ಧರಿರುವ ಗಿರಾಕಿಗಳು ಸಿಗುವುದು ಹೆಚ್ಚಾಗಿ ಈ ಕೆಲಸದಲ್ಲೇ. ಡೂಪ್ಲಿಕೇಟ್ ಪಿಸ್ಟನ್ ಕಿಟ್ಟುಗಳ ಕಾಟ ಇಲ್ಲೂ ತಪ್ಪಿದ್ದಲ್ಲ. ಪ್ಯಾಕೆಟ್ಟಿನ ಮೇಲಿನ ಅಂಕಿಯನ್ನು ನಂಬದೆ, ಮೈಕ್ರೋಮೀಟರ್ ಹಿಡಿದು ಪಿಸ್ಟನ್ನಿನ ಸ್ಕರ್ಟನ್ನು ಅಂಗಡಿಯಲ್ಲೇ ಅಳೆದು ಕೊಳ್ಳುವ ಮೇಸ್ತ್ರಿಗಳೂ ಇದ್ದಾರೆ. ಅಂಗಡಿಯವರಿಗೆ ಅವರನ್ನು ಕಂಡರಾಗದು.