ತೋಪಿಗೂ ಊಟದ ಬಿಡುವು

ಮೇಜಿನ ಮೇಲೆ ಆಡಲು ಪುಟ್ಟ ಸೈನ್ಯ ಕಟ್ಟುವವರಲ್ಲಿ ಎರಡು ಪಂಗಡ. ‘ಯಾವ ಪಡೆ ತಗೊಂಡ್ರ ಗೆಲ್ತೀವ್ರಿ?’ ಎಂದು ಕೇಳುವವರು ಒಂದು ಕಡೆ, ‘ಇವರು ಯಾರ ಮಂದಿ, ಯಾವ ಊರವರು?’ ಎಂದು ಕೇಳುವವರು ಇನ್ನೊಂದು ಕಡೆ. ಮೊದಲಿನವರ ಸೈನ್ಯ ಬೇಗ ಸಿದ್ಧವಾಗುತ್ತದೆ, ಅಷ್ಟೇ ಬೇಗ ಬೇಸರವನ್ನೂ ತರುತ್ತದೆ. ಎರಡನೆಯವರ ಸೈನ್ಯ ಮುಗಿಯುವುದೇ ಇಲ್ಲ. ಈ ವಾರದ ಅಂಕಣ ಅವರ ಪರ.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಅಂಗಾಲಿನಿಂದ ಕಣ್ಣಿನವರೆಗೆ 28 ಮಿಲಿಮೀಟರ್ ಎತ್ತರದ ಆಳುಗಳು. ಟೇಪು ಹಿಡಿದು ಅಳೆದು ನಡೆಸಬೇಕು, ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. 1824ರಲ್ಲಿ ಪ್ರಷ್ಯದ ಅಧಿಕಾರಿ ರೈಸ್‌ವಿಟ್ಜ್ ನಕ್ಷೆ, ದಾಳಗಳ ಯುದ್ಧದಾಟವನ್ನು ತನ್ನ ದಂಡನಾಯಕರ ಮುಂದೆ ಆಡಿ ತೋರಿಸಿದ. ಸೇನಾಧಿಕಾರಿಗಳ ಈ ಪಾಠವನ್ನು ಮನೆಮಂದಿಯ ಆಟ ಮಾಡಿದವರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ಮುಖ್ಯ. ಸ್ಪ್ರಿಂಗ್ ತೋಪಿನಿಂದ ಸೀಸದ ಸಿಪಾಯಿಗಳನ್ನು ಉರುಳಿಸುವ ನಿಯಮಗಳನ್ನು ಆತ 1913ರಲ್ಲಿ ಪುಸ್ತಕ ಮಾಡಿದ. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ಕೈಪಿಡಿಯಿಂದ ಇದು ಕ್ಲಬ್ಬುಗಳ ಹವ್ಯಾಸವಾಗಿ ಬೆಳೆಯಿತು. ಈಗ ಹುಬ್ಬಳ್ಳಿಯಲ್ಲಿ ಕೂತು ರೆಸಿನ್ ಪ್ರಿಂಟರಿನಲ್ಲಿ ಆಳುಗಳನ್ನು ಅಚ್ಚು ಹೊಡೆಯಬಹುದು. ಅಂದರೆ ಸಂಖ್ಯೆಗೆ ಕೊರತೆಯಿಲ್ಲ. ಕೊರತೆ ಇರುವುದು ಗುಣಕ್ಕೆ.

ರೈಸ್‌ವಿಟ್ಜ್ ಬರ್ಲಿನ್ನಿನಲ್ಲಿ ದಾಳ ಉರುಳಿಸಿದ ವರ್ಷವೇ, ಅಕ್ಟೋಬರ್ 23ರಂದು, ಕಿತ್ತೂರಿನಲ್ಲಿ ನಿಜವಾದ ಗುಂಡು ಹಾರಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ. ನಮ್ಮ ಭಾಗದ ಆಟಗಾರರಿಗೆ ಮೊದಲು ನೆನಪಾಗುವ ಯುದ್ಧ ಅದೇ, ಸಹಜ. ಆದರೆ ಅಲ್ಲೊಂದು ತೊಡಕು. ಕಿತ್ತೂರಿನ ರಾಣಿ ಚೆನ್ನಮ್ಮನ ಪಡೆ ಆಡಿಸಲು ಮಂದಿ ಸಾಲು ಹಚ್ಚುತ್ತಾರೆ, ಥ್ಯಾಕರೆಯಾಗಲು ಯಾರೂ ಒಲ್ಲರು. ಡಿಸೆಂಬರಿನ ಎರಡನೆಯ ಕಾಳಗಕ್ಕೆ ಬಂದರೆ ಇನ್ನೂ ಕಷ್ಟ. ಕಿತ್ತೂರಿನ ತೋಪಿನ ಮದ್ದಿಗೆ ಒಳಗಿನವರೇ ಸಗಣಿ ಬೆರೆಸಿದರೆಂಬುದು ಜನ ಹೇಳಿಕೊಂಡು ಬಂದ ಕಥೆ. ಅದನ್ನು ನಿಯಮವಾಗಿ ತಂದು, ದಾಳದಲ್ಲಿ ಒಂದು ಬಿದ್ದರೆ ತೋಪು ಸಿಡಿಯುವುದಿಲ್ಲ ಎಂದಿರೋ, ಆಟಗಾರ ಎದ್ದು ನಿಂತು ಜಗಳ ತೆಗೆಯುತ್ತಾನೆ. ತಾನು ಪ್ರೀತಿಸುವ ಸೈನ್ಯಕ್ಕೆ ದೋಷ ಕೊಡಲು ಯಾರಿಗೆ ಮನಸ್ಸು ಬರುತ್ತದೆ? ಸೈನ್ಯಕ್ಕೆ ಜೀವ ತುಂಬುವುದು ಮಾತ್ರ ಆ ದೋಷವೇ.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ಬೇರೆ ಯುದ್ಧ: ಧಾರವಾಡದ ಮುತ್ತಿಗೆ. ಮೂರನೆಯ ಮೈಸೂರು ಯುದ್ಧದ ಹೊತ್ತು. ಕೋಟೆಯೊಳಗೆ ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್. ಹೊರಗೆ ಪರಶುರಾಮ ಭಾವು ಪಟವರ್ಧನನ ಮರಾಠಾ ದಂಡು, ಜೊತೆಗೆ ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಲಿಟ್ಲ್‌ನ ಮುಂಬಯಿ ಸಿಪಾಯಿಗಳು. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್ ಮೊದಲ ವಾರದವರೆಗೆ, ಆರು ತಿಂಗಳಿಗೂ ಮಿಕ್ಕಿ ನಡೆದ ಕಾದಾಟ. ಇಂದು ಕಿಲ್ಲೆಯ ಬಾಗಿಲ ಮುಂದೆ ಸ್ಕೂಟರ್ ನಿಲ್ಲಿಸುವವರಿಗೆ ಇದರ ಸುಳಿವೂ ಇರಲಿಕ್ಕಿಲ್ಲ. ಇಲ್ಲಿ ಯಾರೂ ಪೂರ್ತಿ ನಾಯಕರಲ್ಲ, ಯಾರೂ ಪೂರ್ತಿ ಖಳರಲ್ಲ. ಮೂರು ಪಡೆಗೂ ಎದ್ದು ಕಾಣುವ ಒಂದೊಂದು ಗುಣವಿದೆ.

ಅದನ್ನು ಬರೆದಿಟ್ಟ ಪುಣ್ಯಾತ್ಮ ಲಿಟ್ಲ್‌ನ ದಂಡಿನ ಲೆಫ್ಟಿನೆಂಟ್ ಎಡ್ವರ್ಡ್ ಮೂರ್. ಮುಂದೆ ಹಿಂದೂ ದೇವತೆಗಳ ಮೇಲೆ ದೊಡ್ಡ ಗ್ರಂಥ ಬರೆದವನೂ ಇವನೇ. 1794ರಲ್ಲಿ ಅಚ್ಚಾದ ಅವನ ಯುದ್ಧಕಥನದಲ್ಲಿ ಮರಾಠಾ ತೋಪುಖಾನೆಯ ಚಿತ್ರವೊಂದಿದೆ. ತೋಪಿಗೆ ಮದ್ದು ತುಂಬಿದ ಮೇಲೆ ಅಲ್ಲಿದ್ದವರೆಲ್ಲ ಕೂತು ಅರ್ಧ ತಾಸು ಹರಟೆ ಹೊಡೆಯುತ್ತಾರೆ, ಹೊಗೆ ಎಳೆಯುತ್ತಾರೆ. ಆಮೇಲೆ ಒಂದು ಗುಂಡು. ಗೋಡೆಯಿಂದ ಧೂಳು ಜೋರಾಗಿ ಎದ್ದರೆ ಸಾಕು, ಕೆಲಸವಾಯಿತೆಂದು ಮತ್ತೆ ಮದ್ದು ತುಂಬಿ ಮತ್ತೆ ಹರಟೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆ ತೋಪು ಹಾರುವುದೇ ಅಪರೂಪ. ಊಟದ ಹೊತ್ತೆಂದು ಇಬ್ಬರೂ ಒಪ್ಪಿಕೊಂಡಂತೆ.

ಮೂರ್ ಇದನ್ನು ಬರೆದದ್ದು ಗೇಲಿಗೆ. ಆಟಗಾರನಿಗೆ ಇದು ಬಂಗಾರ. ನಮ್ಮ ಭಾನುವಾರದ ಗುಂಪಿನಲ್ಲಿ ಇದೇ ಈಗ ನಿಯಮ. ಗಡಿಯಾರದ ಲೆಕ್ಕದಲ್ಲಿ ಒಂದು ಗಂಟೆ ಆಯಿತೆಂದರೆ ತೋಪುಗಳಿಗೆ ಬಿಡುವು. ಬಿಡುವು ಮುರಿಯಲು ಯಾರಿಗೂ ಅಡ್ಡಿಯಿಲ್ಲ. ಆದರೆ ಮುರಿದರೆ, ಉಣ್ಣುವಾಗ ಗುಂಡು ಬಿತ್ತೆಂಬ ಸಿಟ್ಟಿಗೆ ಎದುರು ಪಡೆಯ ಎದೆಗಾರಿಕೆ ಆ ದಿನವೆಲ್ಲ ಒಂದಂಕ ಏರುತ್ತದೆ. ಈ ಸಣ್ಣ ನಿಯಮ ಬಂದಮೇಲೆ ಪರಶುರಾಮ ಭಾವುವಿನ ಪಡೆ ಅಂಕಿಗಳ ಮೊತ್ತವಾಗಿ ಉಳಿದಿಲ್ಲ. ಅದನ್ನು ಆಡಿಸುವವರೂ ನಿಧಾನವಾಗಿ ಕೂತು ಹರಟುತ್ತ ಆಡತೊಡಗಿದ್ದಾರೆ. ಲಿಟ್ಲ್‌ನ ಕಡೆಯವರು ಮೂರ್‌ನಂತೆಯೇ ಹಲ್ಲು ಕಡಿಯುತ್ತಾರೆ.

ಉಳಿದೆರಡು ಪಡೆಗಳ ಗುಣವೂ ಇತಿಹಾಸದಲ್ಲೇ ಸಿಗುತ್ತದೆ. ಲಿಟ್ಲ್‌ನ ನೆರವಿಗೆ ಕಂಪನಿಯ ಕರ್ನಲ್ ಫ್ರೆಡ್ರಿಕ್ ಹೆಚ್ಚುವರಿ ಬಲ ತಂದ. 1791ರ ಫೆಬ್ರವರಿ 7ರಂದು, ಗೋಡೆ ಸರಿಯಾಗಿ ಒಡೆಯುವ ಮುಂಚೆಯೇ ನುಗ್ಗಿದ. ಕಂದಕ ತುಂಬಲು ಎಸೆದ ಕಟ್ಟಿಗೆಯ ಹೊರೆಗಳನ್ನು ಕೋಟೆಯವರು ಬಿದ್ದಂತೆಲ್ಲ ಸುಟ್ಟರು. ದಾಳಿ ಸೋತಿತು, ಫ್ರೆಡ್ರಿಕ್ ಮುಂದಿನ ತಿಂಗಳೇ ತೀರಿಕೊಂಡ. ಹಾಗಾಗಿ ಕಂಪನಿಯ ಪಡೆಯ ದೋಷ ಆತುರ: ದಾಳ ಕೆಟ್ಟದಾಗಿ ಬಿದ್ದರೆ ಅಪ್ಪಣೆಗೆ ಕಾಯದೆ ಮುನ್ನುಗ್ಗುತ್ತದೆ. ಕೋಟೆಯವರ ಗುಣ ಹಟ. ಕೊನೆಗೆ ಮಾತುಕತೆಯಾಗಿ ಬಾಗಿಲು ತೆರೆದು ಹೊರಬಂದವರ ಮೇಲೆ ದಾರಿಯಲ್ಲಿ ಮರಾಠರು ಬಿದ್ದರು, ಖಾನ್ ಸೆರೆಯಾದ. ಆದ್ದರಿಂದ ಬದ್ರುಜ್ಜಮಾನನನ್ನು ಆಡಿಸುವವರಿಗೆ ನಮ್ಮ ಆಟದಲ್ಲಿ ಶರಣಾಗುವುದೇ ಎಲ್ಲಕ್ಕಿಂತ ಕಠಿಣ ನಿರ್ಧಾರ.

ಇನ್ನು ಕುಂಚದ ಕೆಲಸ. ಟಿಪ್ಪುವಿನ ಕಾಲಾಳುಗಳದು ನೇರಳೆ ಬಟ್ಟೆಯ ಮೇಲೆ ಬಿಳಿಯ ಹುಲಿಗುರುತಿನ ಅಂಗಿ. ಎಲ್ಲರಿಗೂ ಒಂದೇ ನೇರಳೆ ಬಳಿದರೆ ಅದು ಮೆರವಣಿಗೆ, ಮುತ್ತಿಗೆಯಲ್ಲ. ಆರು ತಿಂಗಳು ಬಿಸಿಲು, ಹೊಗೆ ಉಂಡ ಬಟ್ಟೆ ಒಬ್ಬನದು ಬೂದಿ ತಿರುಗಿರಬೇಕು, ಇನ್ನೊಬ್ಬನದು ತೇಪೆ ಕಂಡಿರಬೇಕು. ಸಿಪಾಯಿಗಳ ಕೆಂಪು ಕೋಟು, ಕೆಳಗಿನ ಗಿಡ್ಡ ಚಣ್ಣ ಸಲೀಸು. ಕಣ್ಣಿಗೆ ಹಬ್ಬ, ಬೆನ್ನಿಗೆ ನೋವು ಮರಾಠಾ ಕುದುರೆಸವಾರರು: ಸಮವಸ್ತ್ರವಿಲ್ಲ, ತಲೆಗೊಂದು ಬಣ್ಣದ ಮುಂಡಾಸು. ಮಳೆಗಾಲದಲ್ಲಿ ಮಾತ್ರ ಕೊನೆಯ ವಾರ್ನಿಷ್ ಸ್ಪ್ರೇ ಮುಟ್ಟಬೇಡಿ. ಧಾರವಾಡದ ಜುಲೈ ತಿಂಗಳ ತೇವಕ್ಕೆ ಅದು ಬೆಳ್ಳಗೆ ಮಂಜು ಕಟ್ಟುತ್ತದೆ, ವಾರಗಳ ಕೆಲಸ ನಿಮಿಷದಲ್ಲಿ ಹಾಳು.

ಆಳು ನಿಲ್ಲುವ ಬೇಸ್‌ಗೆ ವಿದೇಶದಿಂದ ಮಣ್ಣಿನ ಡಬ್ಬಿ ತರಿಸುವವರನ್ನು ಕಂಡರೆ ನನಗೆ ನಗು. ನಾವಿರುವುದೇ ಮಲೆನಾಡಿನ ಸೆರಗು ಬಯಲುಸೀಮೆಗೆ ತಾಗುವ ಜಾಗದಲ್ಲಿ. ಧಾರವಾಡದ ಪಡುವಣಕ್ಕೆ ಕೆಮ್ಮಣ್ಣು, ನವಲಗುಂದದ ಕಡೆಗೆ ಎರೆಮಣ್ಣು. ಎರಡನ್ನೂ ಒಣಗಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಫೆವಿಕಾಲ್ ಬಳಿದ ಬೇಸಿನ ಮೇಲೆ ಉದುರಿಸಿ. ಕೋಟೆಯ ಪಡೆ ಕೆಂಪು ನೆಲದ ಮೇಲೆ, ಬಯಲಿನಿಂದ ಬಂದ ಸವಾರರು ಕಪ್ಪು ನೆಲದ ಮೇಲೆ ನಿಂತರೆ ಯಾರು ಎಲ್ಲಿಂದ ಬಂದವರೆಂದು ಮಣ್ಣೇ ಹೇಳುತ್ತದೆ.

ದಂಡಿನ ಬಾಲವನ್ನೂ ಮರೆಯಬಾರದು. ಆ ಯುದ್ಧದಲ್ಲಿ ಸೈನ್ಯಗಳು ನಡೆದದ್ದು ಎತ್ತಿನ ಬಲದ ಮೇಲೆ. ತೋಪು ಎಳೆಯಲು ಎತ್ತು. ದಂಡುಗಳಿಗೆ ದವಸ ಒದಗಿಸಲು ಲಂಬಾಣಿಗಳ ಹೇರೆತ್ತು. ಮೈಸೂರಿನ ಅಮೃತಮಹಲ್ ಎತ್ತುಗಳ ಓಟವನ್ನು ಮುಂದೆ ಇಂಗ್ಲಿಷರೇ ಹೊಗಳಿದರು. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಎತ್ತು ಮಾಡಿ ಪೂಜಿಸುವ ನಾಡಿನವರಿಗೆ ಹೆಬ್ಬೆರಳ ಗಾತ್ರದ ಎತ್ತು ತಿದ್ದುವುದು ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಬಂದೂಕು ಹಿಡಿದವರಷ್ಟೇ ಇರುವ ಸೈನ್ಯ ಅಂಗಡಿಯ ಕಪಾಟಿನದು. ಎತ್ತು, ಹುಲ್ಲಿನ ಹೊರೆ, ಕಾಳಿನ ಚೀಲ ಬಂದರೆ ದಂಡು ಅನಿಸುತ್ತದೆ. ಶತ್ರುವಿಗೆ ಸುಲಿಯಲು ಏನಾದರೂ ಸಿಕ್ಕಂತಾಗಿ ಆಟವೂ ರಂಗೇರುತ್ತದೆ.

ಹಳೆಯ ಕಾಲದ ಪಡೆ ಬೇಕೆನ್ನುವವರಿಗೂ ದೂರ ಹೋಗುವ ಕೆಲಸವಿಲ್ಲ. ಬಾದಾಮಿಯ ಪುಲಕೇಶಿಯ ಆನೆಗಳಿಗೂ ವೀರರಿಗೂ ಯುದ್ಧಕ್ಕೆ ಮುಂಚೆ ಹೆಂಡ ಕುಡಿಸುತ್ತಿದ್ದರೆಂದು ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಬರೆದಿದ್ದಾನೆ. ಕುಡಿದ ಆನೆ ಯಾವ ಕಡೆ ತಿರುಗುತ್ತದೆಂಬುದನ್ನು ದಾಳಕ್ಕೆ ಬಿಟ್ಟು ನೋಡಿ, ಎದುರಾಳಿ ಹರ್ಷನ ಕಡೆಯವರಿಗಿಂತ ಹೆಚ್ಚು ನಿಮ್ಮವರೇ ಬೆವರುತ್ತಾರೆ. ಉಡುಗೆ, ಆಯುಧದ ಮಾದರಿಗೆ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಲ್ಲಿರುವ ವೀರಗಲ್ಲುಗಳ ಮುಂದೆ ಹೋಗಿ ನಿಲ್ಲಿ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ಒಯ್ಯುವ ವೀರ, ಮೇಲೆ ಶಿವಸನ್ನಿಧಿ. ತುರುಬು ಕಟ್ಟಿದ ರೀತಿ, ಸೊಂಟದ ಕಠಾರಿ, ಗುರಾಣಿಯ ಗಾತ್ರ, ಎಲ್ಲ ಅಲ್ಲಿದೆ. ಶಿಲ್ಪಿ ತನ್ನ ವೀರನನ್ನು ಎದುರಾಳಿಗಳಿಗಿಂತ ದೊಡ್ಡದಾಗಿ ಕಡೆಯುತ್ತಾನೆ. ನಾಯಕನ ಬೇಸನ್ನು ಒಂದು ಪದರ ಎತ್ತರಿಸುವ ಉಪಾಯ ನಾನು ಕಲಿತದ್ದು ಅಲ್ಲಿ.

ಅದಕ್ಕಿಂತ ದೊಡ್ಡ ಪಾಠ ಶಾಸನದ ಸಾಲುಗಳಲ್ಲಿದೆ. ರಾಜನ ಹೆಸರು, ಬಿರುದು ಮೇಲಿರಬಹುದು, ಕಲ್ಲು ನೆಟ್ಟದ್ದು ಮಾತ್ರ ತುರುಗಾಳಗದಲ್ಲಿ ಊರ ದನ ಬಿಡಿಸಲು ಹೋಗಿ ಸತ್ತ ಆಳಿಗೆ. ಯಾವ ಊರು, ಯಾರ ಮಗ, ಏಕೆ ಸತ್ತ? ಸೈನ್ಯಕ್ಕೆ ಗುಣ ಕೊಡುವುದೆಂದರೆ ಇಷ್ಟೇ. ನಮ್ಮ ಗುಂಪಿನಲ್ಲಿ ಪ್ರತಿ ತುಕಡಿಗೆ ಒಂದೊಂದು ಊರು: ನರೇಂದ್ರ, ಅಮ್ಮಿನಭಾವಿ, ಗರಗ, ಹೆಬ್ಬಳ್ಳಿ. ಆಟ ಮುಗಿದ ಮೇಲೆ ತುಕಡಿಗೊಂದು ಸಾಲಿನಂತೆ ವಹಿಯಲ್ಲಿ ದಾಖಲೆ. ಗರಗದವರು ಸೇತುವೆ ಬಿಡಲಿಲ್ಲ. ಹೆಬ್ಬಳ್ಳಿಯವರು ಮತ್ತೆ ಓಡಿದರು. ಓಡಿದ್ದು ದಾಳದ ಕೆಲಸ, ನಿಜ. ಆದರೂ ಎರಡು ಸಲ ಓಡಿದವರನ್ನು ಮೂರನೆಯ ಸಲ ಮುಂದಿನ ಸಾಲಿಗೆ ಹಚ್ಚಲು ಯಾವ ದಂಡನಾಯಕನ ಕೈಯೂ ಬರುವುದಿಲ್ಲ. ಅಂಕಿಯಲ್ಲಿ ಸರಿಸಮನಾಗಿದ್ದ ತುಕಡಿಗಳು ಹೀಗೆ ಬೇರೆ ಬೇರೆಯಾಗುತ್ತವೆ.

ಹೊಸಬರು ಹನ್ನೆರಡು ಆಳಿನಿಂದ ಶುರು ಮಾಡಿ. ಒಂದು ಊರು ಕೊಡಿ, ಒಂದು ದೋಷ ಕೊಡಿ, ಒಂದು ವಹಿ ಇಡಿ. ಬಣ್ಣ ನಿಧಾನಕ್ಕೆ ಆದೀತು. ಎದುರು ಕೂತವನು ‘ನಿಮ್ಮ ಆ ಹೆಬ್ಬಳ್ಳಿ ಮಂದಿ ಅದಾರಲ್ರಿ’ ಎಂದು ತುಕಡಿಯ ಹೆಸರು ಹಿಡಿದು ಬೈಯತೊಡಗಿದ ದಿನ ಸೈನ್ಯ ತಯಾರಾಯಿತೆಂದು ತಿಳಿಯಿರಿ.