ಗುಡ್ಡಕ್ಕೆ ಸಲ್ಲುವ ಹೊಗಳಿಕೆ

ಶಹಾಪುರದ ಮಲಗಿದ ಬುದ್ಧನ ಫೋಟೋ ತೆಗೆಯದ ಹವ್ಯಾಸಿ ನಮ್ಮ ಕಡೆ ಸಿಗುವುದು ಕಷ್ಟ. ಹಣೆ, ಮೂಗು, ಗಲ್ಲ, ಎದೆಯ ಉಬ್ಬು ಎಲ್ಲವನ್ನೂ ಗುಡ್ಡದ ಸಾಲೇ ಮಾಡಿಕೊಟ್ಟಿದೆ. ರಸ್ತೆ ಬದಿ ನಿಂತು ಮೊಬೈಲ್ ಎತ್ತಿದರೆ ಮುಗಿಯಿತು. ಹಾಗೆ ತೆಗೆದದ್ದನ್ನು ಗೆಳೆಯರ ಮುಂದೆ ಹಿಡಿದಾಗ ಬರುವ ಮಾತೂ ಅಷ್ಟೇ ಸಿದ್ಧ: “ಭಾರಿ ಬಂದದ ಅಣ್ಣಾ!” ಏನು ಬಂದಿದೆ ಎಂದು ಕೇಳಿ ನೋಡಿ. ಬುದ್ಧ ಬಂದಾನ ಅನ್ನುತ್ತಾರೆ. ಆ ಹೊಗಳಿಕೆ ಸಂದದ್ದು ಗುಡ್ಡಕ್ಕೆ, ಫೋಟೋ ತೆಗೆದವನಿಗೆ ಅದರಲ್ಲಿ ಪಾಲಿಲ್ಲ.

ಯಾದಗಿರಿ, ಶಹಾಪುರ, ಸುರಪುರದ ಹವ್ಯಾಸಿಗಳು ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಹೇಳುವ ಅಭಿಪ್ರಾಯಗಳ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಅದರಲ್ಲಿ ಪ್ರೀತಿಗೆ ಕೊರತೆಯಿಲ್ಲ, ನೋಡುವುದಕ್ಕೆ ಕೊರತೆ. ಮೆಚ್ಚುವವರು ವಿಷಯವನ್ನು ಮೆಚ್ಚುತ್ತಾರೆ. ಸ್ವಲ್ಪ ತಿಳಿದವರು “ಲೆನ್ಸ್ ಯಾವುದ್ರಿ?” ಎಂದು ಸಾಮಾನು ವಿಚಾರಿಸುತ್ತಾರೆ. ಇನ್ನೂ ಹೆಚ್ಚು ತಿಳಿದವರು ನಿಯಮ ಹೇಳುತ್ತಾರೆ. ಮೂವರೂ ಚಿತ್ರದ ಪಕ್ಕದಲ್ಲೇ ಹಾದು ಹೋಗುತ್ತಾರೆ.

ಗೋಗಿಯ ಒಂದು ಚಿತ್ರವನ್ನೇ ತೆಗೆದುಕೊಳ್ಳಿ. ಗೋಗಿ ಅಂದರೆ ಚಂದಾ ಹುಸೇನಿ ದರ್ಗಾ. ಬಿಜಾಪುರದ ಆದಿಲಶಾಹಿ ಮನೆತನ ಕಟ್ಟಿದ ಯೂಸುಫ್ ಆದಿಲ್ ಶಾಹ, ಅವನ ಮಗ ಇಸ್ಮಾಯಿಲ್, ಮೊಮ್ಮಗ ಒಂದನೇ ಇಬ್ರಾಹಿಂ ಮಣ್ಣಾದ ಜಾಗ. 1656ರಲ್ಲಿ ಮುಗಿದ ಗೋಳಗುಮ್ಮಟವನ್ನು ನೋಡಿ ಬಂದವರಿಗೆ ಇಲ್ಲಿನ ಗೋರಿಗಳು ಬಹಳ ಸಾದಾ ಅನಿಸುತ್ತವೆ. ಕ್ಯಾಮೆರಾಕ್ಕೆ ಗುಮ್ಮಟದ ಆಸರೆ ಇಲ್ಲಿ ಇಲ್ಲ. ಹಾಗಾಗಿ ಇಲ್ಲಿ ಚಿತ್ರ ಮಾಡುವುದು ಬುದ್ಧನ ಗುಡ್ಡದಷ್ಟು ಸಲೀಸಲ್ಲ. ಪರಿಚಯದ ಹುಡುಗನೊಬ್ಬ ಈ ದರ್ಗಾದ ಉರುಸಿನಲ್ಲಿ ತೆಗೆದ ಚಿತ್ರವನ್ನು ಚಹಾದಂಗಡಿಯಲ್ಲಿ ತೋರಿಸಿದ. ಬಾಗಿಲ ಚೌಕಟ್ಟಿಗೆ ಒರಗಿ ಕೂತ ಮುದುಕಿ; ಎಡಗೆನ್ನೆಯ ಮೇಲೆ ಮಾತ್ರ ಬೆಳಕು; ತಲೆಯ ಮೇಲಿನ ಸೆರಗಿನ ಅಂಚಿನಲ್ಲಿ ಹೊಳೆಯುವ ಒಂದು ಎಳೆ. ಬಲತುದಿಯಲ್ಲಿ ಯಾರದೋ ಮೊಣಕೈ, ಅರ್ಧಕ್ಕೇ ಕತ್ತರಿಸಿದಂತೆ.

ಕೂತವರದೆಲ್ಲ ಒಂದೇ ಮಾತು: “ಆ ಮೊಣಕೈ ಕ್ರಾಪ್ ಮಾಡಿ ಒಗಿ ತಮ್ಮಾ.” ಮುದುಕಿಯನ್ನು ಚಿತ್ರದ ಮೂರನೇ ಒಂದು ಭಾಗದ ಗೆರೆಯ ಮೇಲೆ ತಂದರೆ ಇನ್ನೂ ಛಲೋ ಆಗತದ ಎಂಬುದು ಮತ್ತೊಬ್ಬರ ಸಲಹೆ. ಹುಡುಗ ಅಲ್ಲೇ ಬೆರಳಾಡಿಸಿ ಕ್ರಾಪ್ ಮಾಡಿದ. ಚಿತ್ರ ಚೊಕ್ಕವಾಯಿತು, ಸಂದೇಹವಿಲ್ಲ. ಆದರೆ ಮುದುಕಿ ಈಗ ಒಂಟಿಯಾದಳು. ಉರುಸಿನ ಜನಜಂಗುಳಿಯಲ್ಲಿ, ತಳ್ಳುವ ಮೈಗಳ ನಡುವೆ ಅಷ್ಟು ನಿಶ್ಚಿಂತೆಯಾಗಿ ಕೂತಿದ್ದಾಳೆ ಎಂದು ಹೇಳುತ್ತಿದ್ದದ್ದು ಆ ಮೊಣಕೈ ಒಂದೇ. ಅದು ಹೋದ ಮೇಲೆ ಉಳಿದದ್ದು ಯಾವ ಊರಿನ ಯಾವ ಬಾಗಿಲಲ್ಲಾದರೂ ಸಿಗುವ ಮುದುಕಿ. ಆ ಮೊಣಕೈಯನ್ನು ಬೇಕಂತಲೇ ಬಿಟ್ಟಿಯೋ, ನುಸುಳಿತೋ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ನುಸುಳಿದ್ದೇ ಇರಬಹುದು. ಹಾಗಿದ್ದರೂ ಅದು ಅಲ್ಲಿ ಏನು ಮಾಡುತ್ತಿದೆ ಎಂದು ನೋಡಬೇಕಾದದ್ದು ನೋಡುವವರ ಕೆಲಸವಾಗಿತ್ತು.

ಮೂರನೇ ಒಂದು ಗೆರೆಯ ಈ ನಿಯಮ ಫೋಟೋಗ್ರಫಿಗಿಂತ ಹಳೆಯದು. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ ಹಳ್ಳಿಗಾಡಿನ ದೃಶ್ಯಗಳ ಬಗ್ಗೆ 1797ರಲ್ಲಿ ಬರೆದ ಪುಸ್ತಕದಲ್ಲಿ ಅದಕ್ಕೆ ಆ ಹೆಸರು ಕೊಟ್ಟ. ಕಲಿಯುವವನಿಗೆ ಅದು ಉಪಯೋಗವೇ, ಎಲ್ಲವನ್ನೂ ನಟ್ಟನಡುವೆ ನಿಲ್ಲಿಸುವ ಚಟ ಬಿಡಿಸುತ್ತದೆ. ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಸುರಪುರದ ನಂಟಿರುವ ಒಂದು ಉದಾಹರಣೆ ಇದೆ. ಇಲ್ಲಿ ಟೇಲರ್ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್, ಊರು ಬಿಟ್ಟ ಎಷ್ಟೋ ವರ್ಷಗಳ ಮೇಲೆ, ಬಿಜಾಪುರದ ಕಟ್ಟಡಗಳ ಕುರಿತು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ದೊಡ್ಡ ಪುಸ್ತಕಕ್ಕೆ ಇತಿಹಾಸದ ಭಾಗ ಬರೆದ. ಅದರಲ್ಲಿ ಕರ್ನಲ್ ಬಿಗ್ಸ್ ತೆಗೆದ ಫೋಟೋಗಳಿವೆ. ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆಯಲೆಂದು 1855ರಲ್ಲಿ ನೇಮಕಗೊಂಡ ಮನುಷ್ಯ ಆತ.

ಬಿಗ್ಸ್‌ನ ಚಿತ್ರವೊಂದನ್ನು ಹೆಸರು ಹೇಳದೆ ನಮ್ಮ ಚಹಾದಂಗಡಿಯಲ್ಲಿ ಇಟ್ಟರೆ ಏನು ಹೇಳಿಯಾರು? “ಆಕಾಶ ಪೂರಾ ಬೆಳ್ಳಗ ಹೊಡದದ, ಮೋಡ ಇಲ್ಲ, ಮನುಷ್ಯಾರಿಲ್ಲ, ಗುಮ್ಮಟ ನಡುವ ಬಂದದ.” ಒಂದೊಂದೂ ನಿಜ. ಅಂದಿನ ನೆಗೆಟಿವ್‌ಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದುದರಿಂದ ಆಕಾಶ ಬಿಳಿಯ ಹಾಳೆಯಂತೆ ಬರುತ್ತಿತ್ತು. ಎಕ್ಸ್‌ಪೋಷರ್ ಉದ್ದವಾದ್ದರಿಂದ ಓಡಾಡುವವರು ಮೂಡುತ್ತಿರಲಿಲ್ಲ. ಆದರೂ ಆ ಖಾಲಿ ಬಿಳುಪಿನ ಎದುರು ಕಲ್ಲಿನ ಅಂಚು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ! ದೋಷಗಳ ಪಟ್ಟಿ ಸರಿಯಾಗಿದ್ದೂ ವಿಮರ್ಶೆ ಪೂರ್ತಿ ತಪ್ಪಾಗಬಹುದು.

ಕರ್ನಾಟಕದಲ್ಲಿ ಫೋಟೋಗ್ರಫಿ ಕಲಿಯುವ ಇದಕ್ಕಿಂತ ಒಳ್ಳೆಯ ಪರಂಪರೆ ಇದೆ. ಬೆಂಗಳೂರಿನಲ್ಲಿ ಓ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಟಿ.ಎನ್.ಎ. ಪೆರುಮಾಳ್ ಬೆಳೆದರು, ಪೆರುಮಾಳರ ಬಳಿ ಮತ್ತೊಂದು ತಲೆಮಾರು ಕಲಿಯಿತು. 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಈ ಹವ್ಯಾಸಕ್ಕೊಂದು ನೆಲೆ ಕೊಟ್ಟಿತು. ಜೊತೆಗೇ ಸಲೋನ್ ಎಂಬ ಫೋಟೋ ಸ್ಪರ್ಧೆಗಳ ಪದ್ಧತಿಯೂ ಬಲಿಯಿತು. ಅಲ್ಲಿ ತೀರ್ಪುಗಾರರು ಒಂದು ಚಿತ್ರವನ್ನು ಕೆಲವೇ ಸೆಕೆಂಡು ನೋಡಿ ಅಂಕ ಒತ್ತುತ್ತಾರೆ. ಸಾವಿರಾರು ಚಿತ್ರ ಬಂದಾಗ ಬೇರೆ ದಾರಿಯಿಲ್ಲ, ಒಪ್ಪೋಣ. ಕಿರಿಕಿರಿ ಏನೆಂದರೆ, ಇಬ್ಬರೇ ಗೆಳೆಯರು ಚಹಾ ಕುಡಿಯುತ್ತ ಕೂತಾಗಲೂ ಅದೇ ತೀರ್ಪುಗಾರನ ಗತ್ತು ಬಂದುಬಿಡುತ್ತದೆ. “ಇದು ಅಕ್ಸೆಪ್ಟ್ ಆಗಂಗಿಲ್ಲ ಬಿಡು” ಎಂಬುದು ಗೆಳೆಯ ಹೇಳುವ ಮಾತೇ?

ತಮಾಷೆಯೆಂದರೆ ಈ ಸಲಹೆಗಳು ಸ್ಪರ್ಧೆಗೂ ಒದಗುವುದಿಲ್ಲ. ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಅವುಗಳ ಹಿಂದೆ ಉದ್ದ ಲೆನ್ಸಿನವರು. ಹಕ್ಕಿಯ ಮುಂದೆ ಜೊಂಡಿನ ಕಡ್ಡಿಯೊಂದು ಅಡ್ಡ ಬಂದರೆ “ಅದನ್ನ ಫೋಟೋಶಾಪ್‌ನ್ಯಾಗ ತಗಿ” ಎನ್ನುವವರೇ ಹೆಚ್ಚು. ನಿಸರ್ಗ ವಿಭಾಗಕ್ಕೆ ಅಂತಾರಾಷ್ಟ್ರೀಯ ಸಂಸ್ಥೆಗಳು ಒಪ್ಪಿಕೊಂಡು 2015ರಿಂದ ಜಾರಿಗೆ ತಂದ ವ್ಯಾಖ್ಯೆಯ ಪ್ರಕಾರ ಇದ್ದದ್ದನ್ನು ಅಳಿಸುವುದೂ ಇಲ್ಲದ್ದನ್ನು ಸೇರಿಸುವುದೂ ನಿಷಿದ್ಧ. ಏನನ್ನಾದರೂ ತೆಗೆಯಬೇಕಿದ್ದರೆ ಕ್ರಾಪ್ ಮಾಡಬಹುದು, ಅಷ್ಟೆ. ಗೆಳೆಯನ ಸಲಹೆ ಪಾಲಿಸಿದವನ ಚಿತ್ರ ಅನರ್ಹವಾಗುತ್ತದೆ. “ನಾಲ್ಕು ಹೆಜ್ಜಿ ಎಡಕ್ಕ ಸರದಿದ್ರ ಕಡ್ಡಿ ತಪ್ಪತಿತ್ತು” ಎಂದಿದ್ದರೆ ಮರುವಾರಕ್ಕೆ ಉಪಯೋಗವಾಗುತ್ತಿತ್ತು.

ನನ್ನ ಅನುಭವದಲ್ಲಿ ಅತ್ಯಂತ ಕೆಲಸಕ್ಕೆ ಬರುವ ಮಾತು ಹೇಳುವವರು ಮದುವೆ ಆಲ್ಬಂ ಮಾಡುವ ಸ್ಟುಡಿಯೋದವರು. ಕಲೆಯ ಬಗ್ಗೆ ಅವರು ಮಾತಾಡುವುದಿಲ್ಲ. “ಮಾರಿ ಮ್ಯಾಲ ಹಸರು ಬಣ್ಣ ಹೊಡದದ, ಹಿಂದಿನ ಗ್ವಾಡಿದು” ಎನ್ನುತ್ತಾರೆ. ಚಿತ್ರದ ಯಾವ ಮೂಲೆಯಲ್ಲಿ, ಯಾವ ಕಾರಣಕ್ಕೆ ಎಂಬುದು ಅಷ್ಟರಲ್ಲೇ ಬಂತು. ಗಿರಾಕಿಗೆ ಉತ್ತರ ಕೊಟ್ಟು ಪಳಗಿದ ಕಣ್ಣು ಅದು. ಪದವಿ, ಪದಕ ಇಟ್ಟುಕೊಂಡ ಹಲವರ ಮಾತಿಗಿಂತ ಇದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಶಹಾಪುರ, ಸುರಪುರದ ಗೆಳೆಯರಲ್ಲಿ ಒಂದೇ ಕೇಳಿಕೆ. ಬಿಸಿಲಲ್ಲಿ ಮೊಬೈಲ್ ಪರದೆಗೆ ಕೈ ಅಡ್ಡ ಹಿಡಿದು ನೋಡುವುದನ್ನು ಬಿಡಿ. ತಿಂಗಳಿಗೊಮ್ಮೆ ಮೂರೋ ನಾಲ್ಕೋ ಚಿತ್ರ ಪ್ರಿಂಟ್ ಹಾಕಿಸಿ, ಮೇಜಿನ ಮೇಲೆ ಇಟ್ಟು ಕೂಡಿ. ತೆಗೆದವನು ಮೊದಲು ಬಾಯಿ ಬಿಡಬಾರದು. ನೋಡಿದವರು ತಮಗೆ ಏನು ಕಂಡಿತು, ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ತೊಡರಿತು ಎಂದಷ್ಟೇ ಹೇಳಬೇಕು. ಆಮೇಲೆ ಅವನು ತನಗೆ ಬೇಕಾಗಿದ್ದದ್ದು ಅದೇ ಹೌದೋ ಅಲ್ಲವೋ ಹೇಳಲಿ. ಸಲಹೆ ಏನಿದ್ದರೂ ಅದಾದ ಮೇಲೆ. ಬುದ್ಧನ ಗುಡ್ಡ ಸದ್ಯಕ್ಕೆ ಬೇಡ, ಮೊದಲ ಸಲ ಗೋಗಿಯ ಚಿತ್ರಗಳನ್ನು ತನ್ನಿ.